ಬೀಗ ಹಾಕಿದ ನಲ್ಲಿ ಮತ್ತು ಸುಳ್ಳು ಹೇಳಿದ ನಿಂಬೆಹಣ್ಣು

ಕಾಲುವೆ ದಂಡೆಯ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಮೊದಲು ದಂಡೆಯ ಮೇಲಿನ ನಮ್ಮ ನಲ್ಲಿಗೆ ಬೀಗ ಹಾಕಿಸಿದಿರಿ. ಆಮೇಲೆ, ನಮ್ಮ ದೋಣಿಗಳಲ್ಲಿ ನೀರಿಲ್ಲ, ಆದ್ದರಿಂದ ಅವು ವಾಸಕ್ಕೆ ಯೋಗ್ಯವಲ್ಲ, ತಿಂಗಳ ಕೊನೆಯೊಳಗೆ ದಂಡೆ ಖಾಲಿ ಮಾಡಿ ಎಂದು ನೋಟೀಸು ಅಂಟಿಸಿದಿರಿ. ಒಬ್ಬನ ಕನ್ನಡಕ ಕಿತ್ತಿಟ್ಟುಕೊಂಡು, ಕಣ್ಣು ಮಂದ ಎಂಬ ಕಾರಣಕ್ಕೆ ಅವನನ್ನು ಕೆಲಸದಿಂದ ತೆಗೆದ ಹಾಗಾಯಿತು. ಇಂಥ ತರ್ಕ ತಾನಾಗಿ ಹುಟ್ಟುವುದಿಲ್ಲ. ನಾಲ್ಕು ಜನ ಮೇಜಿನ ಸುತ್ತ ಕೂತು ಶ್ರಮಪಟ್ಟಿರಬೇಕು. ಆ ಶ್ರಮಕ್ಕೆ ಮೊದಲು ನನ್ನ ನಮಸ್ಕಾರ.

ನಾನು ಹೆಚ್ಚು ಓದಿದವಳಲ್ಲ. ದೋಣಿಯಲ್ಲಿ ದಪ್ಪ ಪುಸ್ತಕ ಇಟ್ಟರೆ ತೇವ ಕುಡಿದು ಇನ್ನಷ್ಟು ದಪ್ಪವಾಗುತ್ತದೆ, ಕೊನೆಗೆ ಕಪಾಟಿನಿಂದ ಹೊರಗೇ ಬರುವುದಿಲ್ಲ. ಹಾಗಾಗಿ ನನ್ನ ವಿದ್ಯೆಯೆಲ್ಲ ಕರಪತ್ರಗಳದ್ದು. ಅವು ಹಾಸಿಗೆಯ ಕೆಳಗೆ ಹಿಡಿಸುತ್ತವೆ, ಬೇಗ ಒಣಗುತ್ತವೆ. ನೀರು ಎಲ್ಲರ ಹಕ್ಕು ಎಂದು ಅವುಗಳಲ್ಲಿ ಓದಿದ್ದೇನೆ. ತಮ್ಮ ಕಚೇರಿಯ ಕಡೆಗೆ ಆ ಕರಪತ್ರ ಇನ್ನೂ ಬಂದಿಲ್ಲವೆಂದು ಕಾಣುತ್ತದೆ.

ದೋಣಿಯಲ್ಲಿ ವಾಸವೆಂದರೆ ತಾವು ಏನೆಂದುಕೊಂಡಿದ್ದೀರಿ? ಸಂಜೆಯ ತಂಗಾಳಿ, ಬಾತುಕೋಳಿ, ಗಿಟಾರು? ಅದೂ ಇದೆ, ಸುಳ್ಳೇಕೆ. ಆದರೆ ಉಳಿದ ಹೊತ್ತಿನಲ್ಲಿ ನಾವು ಕಿಟಕಿಯ ಬೆವರು ಒರೆಸುತ್ತೇವೆ. ಮೋಡ ಕವಿದರೆ ಚಾವಣಿಯ ಸೌರಫಲಕಗಳು ಮುನಿಸಿಕೊಳ್ಳುತ್ತವೆ, ಆಗ ಬೆಳಕೋ ಹೊಲಿಗೆ ಯಂತ್ರವೋ ಎಂದು ಆರಿಸಿಕೊಳ್ಳುತ್ತೇವೆ. ಶೌಚದ ಡಬ್ಬಿ ತುಂಬಿದಾಗ ಅದನ್ನು ಕೈಗಾಡಿಯಲ್ಲಿ ಎಳೆದುಕೊಂಡು, ಎದುರಾದವರಿಗೆಲ್ಲ ಮುಗುಳ್ನಗುತ್ತ ಸೇತುವೆಯಾಚೆಗೆ ಹೋಗುತ್ತೇವೆ. ಹೊಸ ಪಾತ್ರೆ ಒಂದು ಬಂದರೆ ಹಳೆಯದೊಂದು ಹೊರಡಬೇಕು. ನಮ್ಮ ಜಗಳಗಳೂ ಚಿಕ್ಕವು, ಏಕೆಂದರೆ ಎದ್ದು ಹೋಗಿ ಬಾಗಿಲು ಹಾಕಿಕೊಳ್ಳಲು ಬೇರೆ ಕೋಣೆ ಇಲ್ಲ.

ಹೀಗೆ ನಾನು ಮತ್ತು ನನ್ನ ಸೋದರತ್ತೆ ಇಬ್ಬರೇ ಇರುವುದು. ಅತ್ತೆ ದರ್ಜಿ. ದೋಣಿಗಳ ಹೊದಿಕೆಯಿಂದ ಹಿಡಿದು ದಂಡೆಯವರ ಸಡಿಲ ಪ್ಯಾಂಟಿನವರೆಗೆ ಎಲ್ಲವೂ ಅವಳ ಯಂತ್ರದ ಕೆಳಗೆ ಬರುತ್ತದೆ. ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದ್ದು ಈ ದೋಣಿಯಲ್ಲೇ. ದಂಡೆ ಬಿಟ್ಟರೆ ಗಿರಾಕಿ ಇಲ್ಲ, ದೋಣಿ ಬಿಟ್ಟರೆ ಮನೆ ಇಲ್ಲ. ತಮ್ಮ ನೋಟೀಸು ಎರಡನ್ನೂ ಒಂದೇ ಸಾಲಿನಲ್ಲಿ ಮುಗಿಸಿದೆ.

ಈಗ ನಿಂಬೆಹಣ್ಣಿನ ವಿಷಯ. ನಮ್ಮ ನೀರಿನ ತೊಟ್ಟಿ ದೋಣಿಯ ಬಲಗಡೆ ಬೆಂಚಿನ ಕೆಳಗಿದೆ. ತುಂಬಿದಾಗ ದೋಣಿ ಬಲಕ್ಕೆ ಒಂಚೂರು ವಾಲುತ್ತದೆ, ಖಾಲಿಯಾದಾಗ ಎಡಗಡೆಯ ಹೊಲಿಗೆ ಯಂತ್ರದ ಭಾರಕ್ಕೆ ಎಡಕ್ಕೆ. ಅದಕ್ಕೆ ಅತ್ತೆ ಅಂಚುಪಟ್ಟಿ ಇರುವ ಮೇಜಿನ ಮೇಲೆ ಒಂದು ನಿಂಬೆಹಣ್ಣು ಬಿಟ್ಟಿರುತ್ತಾಳೆ. ಹಣ್ಣು ಬಲಕ್ಕಿದ್ದರೆ ಸ್ನಾನ, ಎಡಕ್ಕಿದ್ದರೆ ಮುಖ ಮಾತ್ರ. ಇಷ್ಟು ವರ್ಷ ಅದು ನಮಗೆ ಮೋಸ ಮಾಡಿರಲಿಲ್ಲ.

ತಮ್ಮ ಪರಿಶೀಲಕರು ಬಂದ ಬೆಳಿಗ್ಗೆ ಅತ್ತೆ ಪಕ್ಕದ ದೋಣಿಗೆ ಹೊದಿಕೆ ಹೊಲಿಯಲು ಹೋಗಿದ್ದಳು. ನಾನು ಕ್ಯಾನು ಹಿಡಿದು ನೀರಿಗೆ ಹೊರಟವಳು ಅವರನ್ನು ಕಂಡು ನಿಂತೆ. ಒಳಗೆ ಬಂದ ಅವರು ಬಲಗಡೆ ಬೆಂಚಿನ ಮೇಲೆ ಕೂತರು. ದಷ್ಟಪುಷ್ಟ ಆಸಾಮಿ, ಸಜ್ಜನ. ಚಹಾ ಕುಡಿಯುತ್ತ ನನ್ನನ್ನು ಪ್ರಶ್ನೆ ಕೇಳುತ್ತಿದ್ದರು. ಅಷ್ಟರಲ್ಲಿ ಅತ್ತೆ ಹಿಂದಿನ ಬಾಗಿಲಿಂದ ಬಂದಳು. ಅಲ್ಲಿಂದ ಬೆಂಚು ಕಾಣುವುದಿಲ್ಲ, ಮೇಜು ಕಾಣುತ್ತದೆ. ಹಣ್ಣು ಬಲಕ್ಕಿತ್ತು. ಹುಡುಗಿ ನೀರು ತುಂಬಿಸಿದ್ದಾಳೆ ಎಂದುಕೊಂಡು ನೇರ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪರಿಶೀಲಕರು ಕಿಟಕಿ ಅಳೆಯಲು ಎದ್ದರು. ಹಣ್ಣು ಗಡಗಡನೆ ಎಡಕ್ಕೆ ಉರುಳಿತು. ಬಚ್ಚಲಿಗೆ ನೀರೆತ್ತುವ ಪಂಪು ಕೆಮ್ಮಿ ಸುಮ್ಮನಾಯಿತು.

“ಏ ಹುಡುಗಿ, ನಿನ್ನ ನಿಂಬೆಹಣ್ಣು ಸುಳ್ಳು ಹೇಳೋಕೆ ಯಾವಾಗ ಕಲೀತು? ತಲೆ ತುಂಬಾ ಸೋಪಿದೆ ಇಲ್ಲಿ.”

“ಅತ್ತೆ, ಸಾಹೇಬ್ರು ಬಂದಿದಾರೆ, ಮೆಲ್ಲಗೆ.”

“ಬಂದಿದ್ರೆ ಒಳ್ಳೇದೇ ಆಯ್ತು. ಅವ್ರ ಕೈಗೂ ಒಂದು ಕ್ಯಾನು ಕೊಡು.”

ಮಾನ್ಯರೇ, ಅವರು ಕ್ಯಾನು ತೆಗೆದುಕೊಂಡೇ ಬಿಟ್ಟರು. ಬಸ್ ನಿಲ್ದಾಣದ ನಲ್ಲಿಯವರೆಗೆ ಇಬ್ಬರೂ ಹೋದೆವು. ಬರುವಾಗ ಸೇತುವೆಯ ಮೆಟ್ಟಿಲಿಳಿದು ಅವರಿಗೆ ಏದುಸಿರು ಬಂತು. ಕ್ಯಾನು ಕೆಳಗಿಟ್ಟು ಕೂತದ್ದು ಎಲ್ಲಿ ಗೊತ್ತೇ? ನಮ್ಮ ನಲ್ಲಿಯ ಕಟ್ಟೆಯ ಮೇಲೆ. ‘ದಂಡೆಯ ಸೌಂದರ್ಯ ಕಾಪಾಡಿ’ ಎಂಬ ತಮ್ಮ ಫಲಕದ ನೆರಳಿನಲ್ಲಿ. ಬೆವರು ಒರೆಸಲು ಕರವಸ್ತ್ರ ಎಳೆದಾಗ ಜೇಬಿನಿಂದ ಕೀ ಗೊಂಚಲು ಬಿತ್ತು. ನಾನು ಬೀಗ ನೋಡಿದೆ, ಗೊಂಚಲು ನೋಡಿದೆ.

“ಇದರದ್ದೂ ಇದೆಯಾ, ಸಾರ್?”

“ಇದೆ ಕಣಮ್ಮಾ,” ಎಂದರು, ನನ್ನ ಮುಖ ನೋಡದೆ. “ಆದ್ರೆ ಆರ್ಡರ್ ಇಲ್ಲ.”

ಕೀ ಜೇಬಿಗೆ ಹೋಯಿತು. ಅವರು ಕ್ಯಾನು ಎತ್ತಿಕೊಂಡು ದೋಣಿಯವರೆಗೂ ತಂದುಕೊಟ್ಟರು. ಆಮೇಲೆ, ತಮ್ಮ ನೋಟೀಸಿಗೆ ಆಧಾರವಾದ ವರದಿಯಲ್ಲಿ ‘ನೀರಿನ ವ್ಯವಸ್ಥೆ ಇಲ್ಲ’ ಎಂದು ಬರೆದರು. ಅದು ನಿಜವೇ, ಆ ನಿಜವನ್ನು ಅವರು ಹೊತ್ತೂ ನೋಡಿದ್ದರು. ನನಗೆ ಅವರ ಮೇಲೆ ಸಿಟ್ಟಿಲ್ಲ. ಬಾಯಾರಿದವರಿಗೆ ನೀರು ಹೊತ್ತು ಕೊಡಲು ಯಾರ ಅಪ್ಪಣೆಯೂ ಬೇಡ, ಆದರೆ ಪಕ್ಕದಲ್ಲೇ ಇರುವ ನಲ್ಲಿ ತಿರುಗಿಸಲು ಮೇಲಿನ ಸಹಿ ಬೇಕು ಎಂಬ ಏರ್ಪಾಟಿನ ಮೇಲೆ ಸಿಟ್ಟು. ನೆಲಕ್ಕೆ ಅಂಟಿಕೊಂಡದ್ದು ಮಾತ್ರ ಮನೆ ಎಂದು ಯಾರು ಹೇಳಿದರು? ಹಾಗಾದರೆ ದೀಪದ ಕಂಬಕ್ಕೂ ಒಂದು ವಿಳಾಸ ಕೊಡಿ.

ಈ ಪತ್ರದ ಮೊದಲ ಕರಡಿನಲ್ಲಿ ನನ್ನ ಬೇಡಿಕೆಗಳು ಪುಟಗಟ್ಟಲೆ ಇದ್ದವು. ತಮ್ಮ ಇಲಾಖೆಯನ್ನೇ ವಿಸರ್ಜಿಸಬೇಕು, ದಂಡೆಯನ್ನು ದಂಡೆಯವರೇ ಆಳಬೇಕು, ಇತ್ಯಾದಿ. ಓದಿ ಹೇಳಿದಾಗ ಅತ್ತೆ ಬಾಯಲ್ಲಿದ್ದ ಸೂಜಿ ತೆಗೆದು, “ಕ್ರಾಂತಿ ಆಮೇಲೆ ಮಾಡ್ಕೋ, ಮೊದ್ಲು ನಲ್ಲಿ ಕೇಳು” ಎಂದಳು. ಪುಟಗಳನ್ನು ಹರಿದು ಕಿಟಕಿಯ ಸಂದಿಗೆ ತುರುಕಿದ್ದೇನೆ. ಗಾಳಿ ಕಡಿಮೆಯಾಗಿದೆ, ಅಷ್ಟಾದರೂ ಅವು ಕೆಲಸಕ್ಕೆ ಬಂದವು.

ಆದ್ದರಿಂದ ಉಳಿದ ಬೇಡಿಕೆ ಒಂದೇ. ನಲ್ಲಿ ತೆರೆಸಿ, ಆಮೇಲೆ ಪರಿಶೀಲಕರನ್ನು ಇನ್ನೊಮ್ಮೆ ಕಳಿಸಿ. ನೀರಿದ್ದ ಮೇಲೆ ನೋಟೀಸಿಗೆ ಕಾರಣ ಉಳಿಯುವುದಿಲ್ಲ, ಅತ್ತೆಗೆ ಮನೆ ಉಳಿಯುತ್ತದೆ. ತಾವೇ ಬಂದರೆ ಇನ್ನೂ ಸಂತೋಷ. ದಯವಿಟ್ಟು ಎಡಗಡೆ ಕೂರಿ. ಹೊಸ ಕೊಳವೆ ಬೇಡ, ಟೆಂಡರು ಬೇಡ, ಸಮಿತಿ ಬೇಡ. ತಾವು ಒಂದು ಸಾಲು ಬರೆದರೆ ಸಾಕು. ಕೀ ಪರಿಶೀಲಕರ ಜೇಬಿನಲ್ಲೇ ಇದೆ.

ಇಂತಿ,
ತಮ್ಮ ಪ್ರಕಾರ ಯಾರೂ ವಾಸಿಸಲಾಗದ ಜಾಗದಲ್ಲಿ ಇವತ್ತು ನೆಲ ಒರೆಸುವ ಸರದಿ ಬಂದಿರುವ,
ಒಬ್ಬ ಪ್ರಜೆ