ಅಮ್ಮನ ದನಿಯ ಫೈಲು

ಮನೆಯಿಂದ,
ಭಾನುವಾರ, ೭ ಮಾರ್ಚ್ ೧೯೯೯

ಪ್ರೀತಿಯ ಗುಂಡಾ,

ಹೇಗಿದ್ದೀಯೋ? ಕೆಮ್ಮು ಕಡಿಮೆಯಾಯಿತೆ? ದ್ವೀಪದ ಹವಾಮಾನ ಕೇಂದ್ರದಲ್ಲಿ ಕೂತು ಊರಿಗೆಲ್ಲ ಗಾಳಿಯ ಲೆಕ್ಕ ಹೇಳುವವನು ನೀನು, ನಿನ್ನ ಕಿವಿಗೆ ಮಾತ್ರ ಮಫ್ಲರ್ ಸುತ್ತಿಕೊಳ್ಳುವುದಿಲ್ಲ. ಅಮ್ಮನ ಗಂಟಲಿನ ಹೊಲಿಗೆ ಬಿಚ್ಚಿದರು. ಗಡ್ಡೆ ಪೂರ್ತಿ ತೆಗೆದಾಗಿದೆ, ಜೀವಕ್ಕೇನೂ ಭಯವಿಲ್ಲ. ಆದರೆ ದನಿ ಇನ್ನು ಬರುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟರು. ಫೋನಿನಲ್ಲಿ ಇದನ್ನು ನಿನಗೆ ಹೇಳಲಾಗದೆ ಬರೆಯುತ್ತಿದ್ದೇನೆ. ಮನೆಯಲ್ಲಿ ಈಗ ಮಾತಾಡುವವಳು ನಾನೊಬ್ಬಳೇ. ಕುಕ್ಕರಿನ ಜೊತೆ ಜಗಳವಾಡುತ್ತೇನೆ ಅಂದರೆ ನೋಡು.

ಆಪರೇಷನ್ನಿನ ಹಿಂದಿನ ದಿನ ದನಿಯನ್ನು ರೆಕಾರ್ಡ್ ಮಾಡಿಕೊಳ್ಳಲೆಂದು ಅಮ್ಮನ ಕೈಗೆ ಕಂಪ್ಯೂಟರಿನ ಮೈಕು ಕೊಟ್ಟು, ಗುಂಡನಿಗೇನಾದರೂ ಹೇಳು ಎಂದೆ. "ಇದರ ಹತ್ರ ಏನ್ ಮಾತಾಡ್ಲೇ? ಅವನೇನು ಇದರೊಳಗೆ ಕೂತಿದ್ದಾನಾ?" ಎಂದು ನಕ್ಕಳು. ಆಮೇಲೆ ಉಸಿರೆಳೆದುಕೊಂಡು ನಿನ್ನನ್ನು ಕರೆದಳು. ಉಳಿದದ್ದನ್ನು ನೀನೇ ಕೇಳು. ಪತ್ರಿಕೆಯ ಫೋಟೋಗಳನ್ನು ಹಿಂಡಿ, ಸಣ್ಣದು ಮಾಡಿ ಫೋನ್ ಲೈನಿನ ಮೋಡೆಮ್ಮಿನಲ್ಲಿ ಕಳಿಸುವುದೇ ನನ್ನ ಕೆಲಸವಲ್ಲವೆ? ನಿಮ್ಮ ಕಡೆಯ ಲೈನಿನಲ್ಲಿ ದೊಡ್ಡ ಫೈಲು ತೆವಳುತ್ತದೆಂದು ಇದನ್ನೂ ಹಿಂಡಿದೆ. ಸಣ್ಣದೇನೋ ಆಯಿತು. ಆದರೆ ಕಿವಿಗೆ ಬೇಡವೆಂದು ಪ್ರೋಗ್ರಾಮು ಕಿತ್ತೆಸೆದದ್ದೆಲ್ಲ ಅಮ್ಮನದೇ. ಆ ಉಸಿರಿಲ್ಲ, ನಗುವಿನ ಕೊನೆಯಿಲ್ಲ. ಡಬ್ಬಿಯೊಳಗಿಂದ ಯಾರೋ ಕೂಗಿದಂತಿತ್ತು. ಅಮ್ಮ ಕೇಳಿ, ನಾನಲ್ಲ ಎಂಬಂತೆ ತಲೆಯಾಡಿಸಿದಳು.

ಸರಿ, ನಿನ್ನೆ ಹಿಂಡದೆಯೇ ಇಡೀ ಫೈಲು ಕಳಿಸಲು ಹಚ್ಚಿದೆ. ಮುಕ್ಕಾಲು ಪಾಲು ಹೋಗಿದ್ದಾಗ ಲೈನು ಕಡಿದುಹೋಯಿತು; ನಡುವೆ ಯಾರಾದರೂ ಫೋನ್ ಎತ್ತಿದರೆ ಹೀಗೇ ಆಗುವುದು. ಫೋನ್ ಎತ್ತಿದ್ದು ಯಾರೆಂದು ರೇಗುತ್ತಾ ಹಜಾರಕ್ಕೆ ಬಂದರೆ, ಅಮ್ಮ ರಿಸೀವರನ್ನು ಕಿವಿಗೊತ್ತಿಕೊಂಡು ನಿಂತಿದ್ದಾಳೆ. ಮೋಡೆಮ್ಮಿನ ಆ ಕಿರಿಚಾಟದಲ್ಲಿ ತನ್ನ ದನಿ ಹೋಗುವುದು ಕೇಳಿಸುತ್ತದೇನೋ ಎಂದು ಹುಡುಕುತ್ತಿದ್ದಳು. ಮತ್ತೆ ಮೊದಲಿಂದ ಹಚ್ಚಿದೆ. ಈ ಸಲ ಅವಳೇ ಫೋನಿನ ಪಕ್ಕ ಸ್ಟೂಲು ಹಾಕಿಕೊಂಡು, ರಿಸೀವರಿನ ಮೇಲೆ ಕೈಯಿಟ್ಟು ಕಾವಲು ಕೂತಳು. ಫೋನ್ ಮಾಡಲು ಬಂದ ಪಕ್ಕದ ಮನೆಯಾಕೆಯನ್ನು ಕಣ್ಣಲ್ಲೇ ಗದರಿಸಿ ಕಳಿಸಿದಳು. ಸಂಜೆಯ ಹೊತ್ತಿಗೆ ಪೂರ್ತಿ ತಲುಪಿತು ಎಂದಾಗ ಅವಳ ಹೆಗಲು ಕುಲುಕುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ, ಬೆನ್ನ ಹಿಂದೆ ನಿಂತವಳಿಗೆ ಈಗ ಗೊತ್ತಾಗುವುದಿಲ್ಲ.

ಅಮ್ಮ ನಿನ್ನ ಫೋಟೋದ ತಲೆ ಸವರಿದ್ದಾಳೆ, ಅದನ್ನೇ ಆಶೀರ್ವಾದವೆಂದುಕೋ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ಅಕ್ಕ

ತಾ.ಕ.: ಪತ್ರ ಮಡಿಸಿಯಾಗಿತ್ತು, ಆದರೂ ಇದನ್ನು ಹೇಳಲೇಬೇಕು. "ಹೋದ ವಾರ ಮನೆಗೆ ಫೋನ್ ಮಾಡಿದೆ, ಯಾರೋ ಎತ್ತಿದರು, ಮಾತೇ ಇಲ್ಲ, ಇಟ್ಟುಬಿಟ್ಟೆ" ಎಂದು ನೀನು ಇ-ಮೇಲಿನಲ್ಲಿ ಬರೆದಿದ್ದೀಯಲ್ಲ, ಎತ್ತಿದ್ದು ಅಮ್ಮ. ನೀನು ಇಟ್ಟ ಮೇಲೂ ಹಾಗೇ ಹಿಡಿದುಕೊಂಡಿದ್ದಳು. ಇನ್ನು ಮೇಲೆ ಇಡಬೇಡ ಕಣೋ. ನೀನು ಮಾತಾಡುತ್ತಾ ಹೋಗು.