ತಾಹೆರ್, ಆ ಅಗಲ ಮಾನಿಟರ್ ತಂಟೆಗೆ ಹೋಗಬೇಡ

ತಾಹೆರ್,

ನಾನು ಸ್ಟುಡಿಯೋಗೆ ಹೊರಟೆ. ಕಂಪ್ಯೂಟರ್ ಆರಿಸಬೇಡ. ನನ್ನ ಟ್ರಾಮ್ ಸಿನಿಮಾದ ಕೊನೆಯ ಪ್ರತಿ ತಯಾರಾಗುತ್ತಿದೆ, ಸಂಜೆಯೊಳಗೆ ಕಳಿಸದಿದ್ದರೆ ಚಿತ್ರೋತ್ಸವದವರು ತಗೊಳ್ಳುವುದಿಲ್ಲ.

ಅಷ್ಟಗಲದ ಮಾನಿಟರ್ ತಂದದ್ದು ಚಿತ್ರ, ಮಾತು, ಜೋಡಿಸಿದ ತುಣುಕುಗಳು ಎಲ್ಲ ಒಟ್ಟಿಗೆ ಕಣ್ಣೆದುರಿಗಿರಲಿ ಅಂತ. ನೀನು ಮೂಲೆಯಲ್ಲಿ ಫುಟ್‌ಬಾಲ್ ಹಾಕಿಕೊಂಡು, "ಅಕ್ಕಾ, ನಿನಗಿನ್ನೂ ಬೇಕಾದಷ್ಟು ಜಾಗ ಇದೆಯಲ್ಲ!" ಅಂತೀಯ. ಪರದೆ ಮೇಲೆ ನೀನು ತಿಂದ ಫಲಾಫೆಲ್ ವಡೆಯ ಎಣ್ಣೆಯ ಬೆರಳಚ್ಚು ಬೇರೆ! ಒರೆಸಲು ಹೋಗಬೇಡ, ಇನ್ನಷ್ಟು ಕೆಡಿಸುತ್ತೀಯ.

ಬೆಳಿಗ್ಗೆ ನೋಡಿದರೆ ಅರ್ಧ ಪರದೆ ತುಂಬ ಸಿನಿಮಾದ ಮಾತುಗಳು, ಅಂಗೈಯಗಲದ ಅಕ್ಷರಗಳಲ್ಲಿ. ನಿನ್ನದೇ ಕೆಲಸ ಅಂತ ಗೊತ್ತಾಯಿತು. ಸಿಟ್ಟು ನೆತ್ತಿಗೇರಿತು. ಎಬ್ಬಿಸಿ ಬೈಯಬೇಕೆನ್ನುವಷ್ಟರಲ್ಲಿ, ಅಜ್ಜಿ ಅದರ ಮುಂದೆ ಕೂತು ಓದುತ್ತಿರುವುದು ಕಂಡಿತು. ಕಿವಿ ಕೇಳದ ಅವಳು ಸಿನಿಮಾದ ಮುದಿ ಟ್ರಾಮ್ ಡ್ರೈವರನ ಮಾತಿಗೆ ಬಿದ್ದು ಬಿದ್ದು ನಕ್ಕಳು. ಆಮೇಲೆ ನನಗೇ ಗದರಿದಳು: "ಇಷ್ಟು ಚೆನ್ನಾಗಿರೋ ಮಾತನ್ನ ನನ್ನಿಂದ ಯಾಕೇ ಮುಚ್ಚಿಟ್ಟಿದ್ದೆ?"

ಅದಕ್ಕೇ ಇಡೀ ಸಿನಿಮಾಕ್ಕೆ ಮಾತುಗಳನ್ನು ದೊಡ್ಡ ಅಕ್ಷರದಲ್ಲಿ ಸೇರಿಸಿದ್ದೇನೆ. ಮುಗಿದಿದ್ದ ಕೆಲಸ ಮತ್ತೆ ಮೊದಲಿನಿಂದ ನಡೆಯುತ್ತಿರುವುದು ನಿನ್ನಿಂದಲೇ.

ಅಜ್ಜಿಗೆ ಮಧ್ಯಾಹ್ನದ ಮಾತ್ರೆ ಕೊಡು. ಸಿನಿಮಾದ ಕೊನೆಗೆ ಬರುವ ಹೆಸರುಗಳಲ್ಲಿ ನಿನ್ನ ಹೆಸರೂ ಇದೆ. ಊರೆಲ್ಲ ಸಾರಿಕೊಂಡು ಬರಬೇಡ, ಮನೆಯಲ್ಲೇ ಇರು.

ಶಹೀರಾ