ಸತ್ತವರನ್ನು ಒಳ್ಳೆಯವರೆಂದ ಅಪರಾಧ

ಮಾನ್ಯ ಪ್ರಾಂತ್ಯಾಧಿಕಾರಿಗಳೇ,

ಮಸೀದಿಯ ಅಂಗಳದಲ್ಲಿ ಇಮಾಮರು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟರೆಂದು ನಮ್ಮ ಬೀದಿಯ ರಿಫ್ಕಿ ತಾತನನ್ನು ನಿಮ್ಮ ಪೊಲೀಸರು ಎಳೆದುಕೊಂಡು ಹೋಗಿದ್ದಾರೆ. ವಯಸ್ಸು ಎಂಬತ್ತರ ಹತ್ತಿರ, ಜೊತೆಗೆ ಸಕ್ಕರೆ ಕಾಯಿಲೆ. ಅವರ ಇನ್ಸುಲಿನ್ ಮಗಳ ಮನೆಯ ಫ್ರಿಜ್ಜಿನಲ್ಲೇ ಕೂತಿದೆ. ಠಾಣೆಯವರು ಅದನ್ನು ಒಳಗೆ ಬಿಡುತ್ತಿಲ್ಲ. ತಾತನನ್ನು ಬಿಟ್ಟುಬಿಡಿ ಎಂದು ಕೇಳುವುದಕ್ಕೆ ಈ ಬಹಿರಂಗ ಪತ್ರ. ನಾನು ಓದಿಗೆಂದು ಹಾಸ್ಟೆಲುಗಳಲ್ಲಿ ಬೆಳೆದವಳು, ಎರಡನೇ ಸೌಟು ಸೂಪಿಗೂ ವಾರ್ಡನ್ನಿನ ಮುಖ ನೋಡಿದವಳು. ನಿಮ್ಮಂಥವರಿಗೆ ಬರೆಯುವ ರೀತಿ ಗೊತ್ತಿಲ್ಲ. ತಪ್ಪಿದ್ದರೆ ತಿದ್ದಿ. ಜನರನ್ನು ತಿದ್ದುವುದರಲ್ಲಿ ತಮಗೆ ಈಗ ಚೆನ್ನಾಗಿ ಕೈ ಕುದುರಿದೆ.

ಸೈನ್ಯದ ಒಂದು ಗುಂಪು ಸರ್ಕಾರವನ್ನು ಉರುಳಿಸಲು ಹೋಗಿ ಸೋತಿತು. ಸೋಲಲಿ ಎಂದೇ ನಮ್ಮ ಬೀದಿಯವರು ಟ್ಯಾಂಕಿಗೆ ಅಡ್ಡ ನಿಂತರು. ಅವರಲ್ಲಿ ನನ್ನ ಅಪ್ಪ ಮುಫೀತ್ ಮೇಷ್ಟರೂ ಇದ್ದರು. ಆದರೆ ಅವರು ಇಂಗ್ಲಿಷ್ ಕಲಿಸುತ್ತಿದ್ದದ್ದು ಸೈನಿಕ ಶಾಲೆಯಲ್ಲಿ, ಕಟ್ಟಿಕೊಂಡ ಹೆಂಡತಿಯೋ ಇಂಗ್ಲೆಂಡಿನವಳು. ದೇಶದ್ರೋಹಕ್ಕೆ ಇನ್ನೇನು ಬೇಕು? ರಾಜಧಾನಿ ಅಂಕಾರಾದಿಂದ ಹೊರಟ ಒಂದು ಆಜ್ಞೆಯಲ್ಲಿ ಕೆಲಸ ಹೋಯಿತು, ಅಮ್ಮನ ಮತ್ತು ನನ್ನ ಪಾಸ್‌ಪೋರ್ಟು ಹೋಯಿತು, ಆಮೇಲೆ ಅಪ್ಪನೇ ಹೋದರು. ಚಳಿಗಾಲ ಮುಗಿಯುವ ಮೊದಲೇ ಸೆರೆಮನೆಯಿಂದ ಫೋನು: ಹೃದಯ ನಿಂತಿದೆ, ಬಂದು ಒಯ್ಯಿರಿ. ಹೆಣ ತೊಳೆದವನು ಹೊರಗೆ ಬಂದು, ನನ್ನ ಕಡೆ ನೋಡದೆ, “ಮುಖ ಮಾತ್ರ ನೋಡ್ಕೊ ಮಗಳೇ. ಬಟ್ಟೆ ಎತ್ತಬೇಡ,” ಎಂದ.

ನಾನು ಎತ್ತಿದೆ, ಮಾನ್ಯರೇ. ಹೃದಯ ನಿಂತರೆ ಉಗುರುಗಳೂ ಉದುರುತ್ತವೆಯೇ?

ನಮ್ಮಲ್ಲಿ ಎಂಥವನೇ ಸಾಯಲಿ, ಶವಪೆಟ್ಟಿಗೆಯನ್ನು ಮಸೀದಿ ಅಂಗಳದ ಕಲ್ಲಿನ ಮೇಲಿಟ್ಟು ಇಮಾಮರು ಕೂಡಿದವರನ್ನು ಕೇಳುತ್ತಾರೆ: “ಇವರನ್ನು ಎಂಥವರೆಂದು ಬಲ್ಲಿರಿ?” ಜನ “ಒಳ್ಳೆಯವರೆಂದು ಬಲ್ಲೆವು” ಎನ್ನುತ್ತಾರೆ. ಅಷ್ಟು ಸಾಕ್ಷಿ ಇಲ್ಲದೆ ಕುಡುಕನನ್ನೂ ಮಣ್ಣಿಗೆ ಕಳಿಸುವುದಿಲ್ಲ. ಅಪ್ಪನಿಗೆ ಮಾತ್ರ ಪ್ರಾರ್ಥನೆ ಕೂಡದೆಂದು ನಿಮ್ಮ ಕಚೇರಿಯಿಂದ ಅಪ್ಪಣೆಯಾಯಿತು. ಊರಾಚೆ, ಕಸ ಸುರಿಯುವ ಇಳಿಜಾರಿನ ಪಕ್ಕ ಹೂಳಿದೆವು. ಇಮಾಮರು ನಮ್ಮ ಹೊಸ್ತಿಲಾಚೆಯೇ ನಿಂತು, “ನಂಗೂ ಮಕ್ಕಳಿದಾರೆ ತಂಗಿ, ಕ್ಷಮಿಸಿಬಿಡು,” ಎಂದರು. ಇಷ್ಟು ವರ್ಷವಾದರೂ ಅಮ್ಮನ ತುರ್ಕಿ ಮಾತು ತೊಡರುತ್ತದೆ. “ಕ್ಷಮೆ ಬೇಡ,” ಎಂದಳು, “ಪ್ರಶ್ನೆ ಕೇಳಿ. ಒಂದು ಸಲ. ನಾವಿಬ್ಬರೇ ಉತ್ತರ ಹೇಳ್ತೇವೆ.” ಅವರು ಕೇಳಲಿಲ್ಲ.

ಮೊನ್ನೆ ಹಲ್ವಾ ಅಂಗಡಿಯ ವೆಹ್ಬಿ ತೀರಿಕೊಂಡ. ಅಂಗಳ ತುಂಬಿತ್ತು. ಗೋಡೆಗೊರಗಿ ನಿಮ್ಮವನೊಬ್ಬ ಫೋನು ಎತ್ತಿ ಹಿಡಿದಿದ್ದ; ಈಗೀಗ ಸಾವಿನ ಮನೆಗೆ ಅವನದೇ ಮೊದಲ ಹಾಜರಿ. ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಗುಸುಗುಸು ನಡೆದಿತ್ತು.

“ಇವನ್ನೂ ಒಳ್ಳೇವ್ನು ಅನ್ಬೇಕೇನೇ? ಒಂದು ಕಿಲೋ ಅಂತ ಕೊಟ್ಟಿದ್ದು ಯಾವತ್ತೂ ಒಂದು ಕಿಲೋ ಇರ್ಲಿಲ್ಲ.”

“ಅನ್ನು, ಅನ್ನು. ನಾಳೆ ನಿಂಗೂ ಅನ್ನೋರು ಬೇಕು.”

ಇಮಾಮರು ಕೇಳಿದರು. ಎಲ್ಲರಿಗಿಂತ ಮೊದಲು ಮುಂದಿನ ಸಾಲಿನಿಂದ ರಿಫ್ಕಿ ತಾತನ ದನಿ ಎದ್ದಿತು: “ಮುಫೀತ್ ಮೇಷ್ಟ್ರನ್ನ ಒಳ್ಳೆಯವ್ರು ಅಂತ ಬಲ್ಲೆವು!”

ವೆಹ್ಬಿಯ ಮಗ ಬೆಚ್ಚಿ ತಾತನ ತೋಳು ಹಿಡಿದ. “ತಾತಾ, ಇದು ನಮ್ಮಪ್ಪ!”

“ಗೊತ್ತು ಕಣಪ್ಪಾ. ನಿಮ್ಮಪ್ಪ ಇಡೀ ಜನ್ಮ ಗಿರಾಕಿಗಳ್ನ ಕಾಯಿಸ್ದೋನು, ಒಂದು ನಿಮಿಷ ತಾನೂ ಕಾಯ್ಲಿ. ಮೇಷ್ಟ್ರು ಆಗ್ಲೇ ಬಹಳ ಕಾದಿದಾರೆ.”

ಇಮಾಮರು ಕಣ್ಣು ಮುಚ್ಚಿಕೊಂಡರು. ಮುಚ್ಚಿಕೊಂಡೇ ಇನ್ನೊಮ್ಮೆ ಕೇಳಿದರು, ಯಾರನ್ನು ಎಂದು ಹೇಳದೆ. ಆಗ ಅಂಗಳವಿಡೀ ಒಂದೇ ಕೊರಳಾಗಿ ಉತ್ತರಿಸಿತು.

ಸಂಜೆಗೇ ತಾತನ ಬಾಗಿಲಿಗೆ ನಂಬರಿಲ್ಲದ ಬಿಳಿ ವ್ಯಾನು ಬಂತು. ಔಷಧಿ ಹಿಡಿದು ಠಾಣೆಗೆ ಹೋದ ಮಗಳು ಹಾಜೆರಳಿಗೆ ಸಿಕ್ಕ ಉತ್ತರ: “ಯಾರು ಹೇಳಿಕೊಟ್ರು ಅಂತ ನಿಮ್ಮಪ್ಪ ಬಾಯಿಬಿಡ್ಲಿ, ಕಳಿಸ್ತೀವಿ.” “ಔಷಧಿ?” “ಅದೂ ಬಾಯಿಬಿಟ್ಟ ಮೇಲೆ.” ನಿನ್ನೆಯಿಂದ ಅಂಥದ್ದೇ ವ್ಯಾನು ನಮ್ಮ ಹಾಸ್ಟೆಲಿನ ಎದುರಿಗಿದೆ. ನನ್ನ ಜೊತೆ ಊಟಕ್ಕೆ ಕೂರುತ್ತಿದ್ದವರು ಬೇರೆ ಮೇಜು ಹುಡುಕಿಕೊಂಡಿದ್ದಾರೆ. ಅವರ ಮೇಲೆ ಸಿಟ್ಟಿಲ್ಲ, ನನಗೂ ನನ್ನ ಜೊತೆ ಕೂರಲು ಭಯವಾಗುತ್ತದೆ.

ಒಂದನ್ನು ದಯವಿಟ್ಟು ವಿವರಿಸಿ. ಟ್ಯಾಂಕುಗಳನ್ನು ಸೋಲಿಸಿದ ಸರ್ಕಾರಕ್ಕೆ ಮುದುಕನೊಬ್ಬನ ಒಂದು ವಾಕ್ಯ ಇಷ್ಟು ದಿಗಿಲು ಹುಟ್ಟಿಸಿದ್ದು ಹೇಗೆ? ಪ್ರಶ್ನೆಯನ್ನು ನಿಷೇಧಿಸಿದರೆ ಉತ್ತರ ಸಾಯುತ್ತದೆಂದು ತಮಗೆ ಯಾರು ಹೇಳಿಕೊಟ್ಟರು? ಅವರನ್ನೂ ಹಿಡಿಸಿದ್ದೀರಾ?

ನನ್ನ ಬೇಡಿಕೆ ಇಷ್ಟು. ಇವತ್ತೇ ಆ ಔಷಧಿ ಒಳಗೆ ಹೋಗಬೇಕು, ತಾತ ಹೊರಗೆ ಬರಬೇಕು, ತಮ್ಮ ಕಾಲ ಮೇಲೆ ನಡೆದುಕೊಂಡು ಬರಬೇಕು. ಹೇಳಿಕೊಟ್ಟವರೊಬ್ಬರು ಬೇಕೇಬೇಕೆಂದರೆ ನನ್ನ ಹೆಸರು ಬರೆದುಕೊಳ್ಳಿ. ಅದು ಸುಳ್ಳು, ಆದರೆ ಸುಳ್ಳೆಂಬ ಕಾರಣಕ್ಕೆ ನಿಮ್ಮ ಠಾಣೆ ಯಾವುದನ್ನೂ ತಿರಸ್ಕರಿಸಿದ್ದನ್ನು ನಾನು ಕೇಳಿಲ್ಲ. ಹೆಂಗಸರ ಸಾಲಿನಿಂದ ನಾನೂ ಉತ್ತರ ಕೊಟ್ಟದ್ದು ಮಾತ್ರ ನಿಜ. ಆಗ ನಿಮ್ಮವನ ಫೋನು ಗಂಡಸರ ಕಡೆಗಿತ್ತು, ನನ್ನ ದನಿ ಅದರಲ್ಲಿ ಸಿಕ್ಕಿರಲಾರದು. ಆದ್ದರಿಂದ ಬರೆದೇ ಕೊಡುತ್ತಿದ್ದೇನೆ: ಮುಫೀತ್ ಮೇಷ್ಟರನ್ನು ನಾನು ಒಳ್ಳೆಯವರೆಂದು ಬಲ್ಲೆ.

ಇಂತಿ,
ಇದು ಅಚ್ಚಾಗುವ ಹೊತ್ತಿಗೂ ಹೊರಗೇ ಇರಬಹುದಾದ,
ನೆವ್ರಾ
ಮೊದಲ ವರ್ಷದ ವಿದ್ಯಾರ್ಥಿನಿ